ಒಂದು ಕಾರ್ಡ್ ಸಾಕಾ, ಎರಡು ಬೇಕಾ?

ನಮ್ಮ ಕಡೆ ಜೋಡಿ ಎಂದರೆ ಒಂದು ತೂಕ ಹೆಚ್ಚು. ಮೂಡುಬಿದಿರೆಯ ಕಂಬಳ ಕೋಟಿ-ಚೆನ್ನಯ, ವೇಣೂರಿನದ್ದು ಸೂರ್ಯ-ಚಂದ್ರ, ಹೊಕ್ಕಾಡಿಗೋಳಿಯದ್ದು ವೀರ-ವಿಕ್ರಮ. ಹಾಗಾಗಿ ಕಂಪ್ಯೂಟರಿಗೆ ಎರಡು ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಡಬಲ್ ಸ್ಪೀಡ್ ಎಂದು ಯಾರಾದರೂ ಹೇಳಿದರೆ ನಂಬಬೇಕು ಅನಿಸುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಿಂದ ಸುದ್ದಿ ಕಳಿಸುವ ನಾವು ಮೂವರು ತಲಾ 20 ಸಾವಿರ ಹಾಕಿ ಒಂದು ಕಂಪ್ಯೂಟರ್ ಮಾಡಿಸಲು ಹೊರಟೆವು. ಹಗಲು ಕಂಬಳ, ಯಕ್ಷಗಾನದ ವಿಡಿಯೋ ಎಡಿಟಿಂಗ್, ರಾತ್ರಿ ಗೇಮ್. ಸುದ್ದಿಗೆ ಇಷ್ಟು ಎಂದು ಸಿಗುವ ದುಡ್ಡಿನಲ್ಲಿ ಈ 60 ಸಾವಿರ ಉಳಿಸಲು ಎರಡು ಮಳೆಗಾಲ ಕಳೆಯಿತು. ಇದು ಹೋದರೆ ಇನ್ನೊಂದು 60 ಸಾವಿರ ಸದ್ಯಕ್ಕಿಲ್ಲ.

ಪರಿಚಯದವರೊಬ್ಬರ ಹತ್ತಿರ ಹಳೆಯ ಜಿಟಿಎಕ್ಸ್ 1080 ಕಾರ್ಡ್ ಎರಡು ಇದ್ದವು. ಸ್ವಲ್ಪ ಹೆಚ್ಚು ಕೊಟ್ಟರೆ ಆರ್‌ಟಿಎಕ್ಸ್ 3060 ಒಂದು ಬರುತ್ತಿತ್ತು, 12 ಜಿಬಿಯದ್ದು.

"8ಕ್ಕೆ 8 ಸೇರಿಸಿದರೆ 16 ಅಲ್ವಾ ಮಾರಾಯ?" ಎಂದ ಬೆಳ್ತಂಗಡಿಯ ಗೆಳೆಯ.

ಗೇಮ್‌ನಲ್ಲಿ ಹಾಗೆ ಆಗುವುದಿಲ್ಲ. ಗೇಮ್‌ನ ಅದೇ ಸಾಮಗ್ರಿಯನ್ನು ಎರಡೂ ಕಾರ್ಡ್‌ಗಳು ತಮ್ಮ ತಮ್ಮ ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು. ಬಳಕೆಗೆ ಸಿಗುವುದು 8 ಜಿಬಿಯೇ. ಸಾಮಾನ್ಯವಾಗಿ ಒಂದು ಚಿತ್ರವನ್ನು ಈ ಕಾರ್ಡ್, ಮುಂದಿನದನ್ನು ಆ ಕಾರ್ಡ್ ಬಿಡಿಸುತ್ತದೆ. ಈಗಿನ ಹಲವು ಗೇಮ್‌ಗಳು ಹೊಸ ಚಿತ್ರಕ್ಕೆ ಹಿಂದಿನ ಚಿತ್ರದ ಅಂಶಗಳನ್ನೂ ಬಳಸುತ್ತವೆ. ಆಗ ಒಂದು ಕಾರ್ಡ್ ಇನ್ನೊಂದನ್ನು ಕಾಯಬೇಕು. ಜೋಡಿಯಲ್ಲಿ ಒಂದು ಕೋಣ ಹಿಂದೆ ಬಿದ್ದರೆ ಓಟ ಕೆಡುವ ಹಾಗೆ ಪರದೆಯಲ್ಲೂ ಆಟ ತಡವರಿಸುತ್ತದೆ.

ಇನ್ನೊಂದು ವಿಷಯ. ಎರಡು ಕಾರ್ಡ್ ಜೋಡಿಸುವ ಎಸ್‌ಎಲ್‌ಐ ವ್ಯವಸ್ಥೆಯನ್ನು ಎನ್‌ವಿಡಿಯಾ ಕಂಪನಿ ತಂದದ್ದು 2004ರಲ್ಲಿ. ಇಂಥ ಹಳೆಯ ಕಾರ್ಡ್‌ಗಳಿಗೆ ಹೊಸ ಎಸ್‌ಎಲ್‌ಐ ಪ್ರೊಫೈಲ್ ಸೇರಿಸುವುದನ್ನು 2021ರ ಜನವರಿ 1ರಿಂದ ಆ ಕಂಪನಿಯೇ ನಿಲ್ಲಿಸಿತು. ಗೇಮ್ ಮಾಡಿದವರೇ ಏರ್ಪಾಡು ಮಾಡದಿದ್ದರೆ ಎರಡನೇ ಕಾರ್ಡ್ ಸುಮ್ಮನೆ ಕೂತಿರುತ್ತದೆ.

ಕರೆಂಟಿನ ಲೆಕ್ಕವೂ ಉಂಟು. 1080 ಒಂದಕ್ಕೆ 180 ವ್ಯಾಟ್, ಎರಡಕ್ಕೆ 360. 3060ಕ್ಕೆ 170. ಎರಡು ಹಾಕುವುದಾದರೆ ಅದಕ್ಕೆ ತಕ್ಕ ಮದರ್‌ಬೋರ್ಡ್, ದೊಡ್ಡ ಪವರ್ ಸಪ್ಲೈ ಬೇಕು. ಚಾರ್ಮಾಡಿ ಕಡೆ ಗುಡುಗಿದರೆ ಸಾಕು, ಪ್ಲಗ್ ಕೀಳಲು ಓಡುವವರು ನಾವು. ಕರೆಂಟು ಹೋದಾಗ ಅಷ್ಟು ಭಾರವನ್ನು ಸಣ್ಣ ಯುಪಿಎಸ್ ಹೊರುವುದು ಕಷ್ಟ.

ಗೆಳೆಯನ ಮಾತಿನಲ್ಲೂ ನ್ಯಾಯವಿತ್ತು. ಬ್ಲೆಂಡರ್‌ನಂಥ ಸಾಫ್ಟ್‌ವೇರಿನಲ್ಲಿ ತ್ರೀಡಿ ಚಿತ್ರ ಮಾಡುವಾಗ ಎರಡು ಕಾರ್ಡ್‌ಗಳು ಕೆಲಸ ಹಂಚಿಕೊಳ್ಳುತ್ತವೆ, ಸಮಯ ಉಳಿಯುತ್ತದೆ. ಆದರೆ ನಮ್ಮಲ್ಲಿ ಆ ಕೆಲಸ ಮಾಡುವವರು ಯಾರೂ ಇಲ್ಲ.

ಕೊನೆಗೆ 3060 ಒಂದನ್ನೇ ತೆಗೆದುಕೊಂಡೆವು. ಮದರ್‌ಬೋರ್ಡಿನಲ್ಲಿ ಉಳಿದ ದುಡ್ಡು ಯುಪಿಎಸ್‌ಗೆ ಹೋಯಿತು. ಅರ್ಧ ಎಡಿಟ್ ಮಾಡಿದ ವಿಡಿಯೋ ಕರೆಂಟು ಹೋದಾಗ ಅಳಿಸಿಹೋಗದಿದ್ದರೆ ನಮಗೆ ಅದೇ ದೊಡ್ಡ ಸ್ಪೀಡ್.

ನಿಮ್ಮ ಮನೆಯ ಹುಡುಗ ಅಡಿಕೆ ಮಾರಿದ ದುಡ್ಡಿನಲ್ಲಿ ಎರಡು ಕಾರ್ಡ್ ಕೇಳಿದರೆ ಬೈಯಬೇಡಿ. "ನೀನು ಆಡುವ ಗೇಮ್ ಎರಡನ್ನೂ ಬಳಸುತ್ತದಾ?" ಎಂದು ಕೇಳಿ. ಅವನೇ ಹುಡುಕಿ ನೋಡಿ ಬಂದು ಹೇಳಲಿ.