ಬೆಟ್ಟದ ಭಯ ಬಿಡಿಸಿದ ಹೆಜ್ಜೆ

ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ, ಸುಮಾರು 2,500 ಅಡಿ ಎತ್ತರದ ಟಮಲ್‌ಪೈಸ್ ಬೆಟ್ಟವಿದೆ. 1979ರಿಂದ ಅಲ್ಲಿನ ಕಾಲುದಾರಿಗಳಲ್ಲಿ ಸರಣಿ ಕೊಲೆಗಳಾದವು. ಬೆಟ್ಟ ಹತ್ತಲು ಜನ ಹೆದರಿದರು. 1981ರಲ್ಲಿ ನೃತ್ಯಗುರು ಅನ್ನಾ ಹ್ಯಾಲ್‌ಪ್ರಿನ್ ಊರವರೊಂದಿಗೆ ಕುಣಿದು, ಆ ದಾರಿಗಳಿಗೆ ಮತ್ತೆ ಕಾಲಿಟ್ಟರು. ಅದೇ ವರ್ಷ ಕೊಲೆಗಾರ ಸಿಕ್ಕಿಬಿದ್ದ. ನೃತ್ಯ ಮಾತ್ರ ನಿಲ್ಲಲಿಲ್ಲ.

ಅದರಿಂದ ಬೆಳೆದ ‘ಭೂಮಂಡಲ ನೃತ್ಯ’ಕ್ಕೆ ತಾಲೀಮು ಬೇಡ. ನಡುವೆ ಡೋಲಿನ ಒಂದೇ ಸಮನಾದ ಪೆಟ್ಟು. ಸುತ್ತ ಒಂದರೊಳಗೊಂದು ವರ್ತುಲ. ಓಡುವವರು ಹೊರಗೆ, ನಡೆಯುವವರು ಒಳಗೆ. ದಣಿದವರು ನಡುವೆ ನಿಲ್ಲುತ್ತಾರೆ. ಓಡುವ ಮುನ್ನ ಪ್ರತಿಯೊಬ್ಬರೂ ಯಾರಿಗಾಗಿ ಓಡುತ್ತೇನೆಂದು ಗಟ್ಟಿಯಾಗಿ ಹೇಳುತ್ತಾರೆ. ಮನಸ್ಸು ಪಾದಕ್ಕಿಳಿಯಲು ಅಷ್ಟು ಸಾಕು.

ಹ್ಯಾಲ್‌ಪ್ರಿನ್ 2021ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು. ಅಂಕ, ಬಹುಮಾನಗಳಿಲ್ಲದ ಅವರ ವರ್ತುಲದಲ್ಲಿ ತಾತನ ಜೊತೆ ಮೊಮ್ಮಗಳೂ ಹೆಜ್ಜೆ ಹಾಕಬಹುದು.