ಸಿಮ್ ಹಾಕಿ ನೋಡಿದ್ರ ಸಾಕಿತ್ತು

ದೀಪಾವಳಿ ರಜೆಗೆ ತೇರದಾಳಕ್ಕೆ ಹೋಗುವಾಗ ಅವ್ವನಿಗೆ ಅಂತ ಒಂದು ಸೆಕೆಂಡ್ ಹ್ಯಾಂಡ್ ಫೋನ್ ತಗೊಂಡೆ. ಆರು ಸಾವಿರ ರೂಪಾಯಿ. ಅವ್ವ ಕಂಡಿಕೆ ಸುತ್ತಿ ಕೂಡಿಸಿಟ್ಟು ಕಳಿಸಿದ ರೊಕ್ಕ ಅದು. ಕ್ಯಾಮೆರಾ, ಬ್ಯಾಟರಿ, ಸ್ಪೀಕರ್ ಎಲ್ಲಾ ಚೆಕ್ ಮಾಡಿದ್ದೆ. ನನ್ನ ಹಾಟ್‌ಸ್ಪಾಟಿನಲ್ಲಿ ಯೂಟ್ಯೂಬ್ ಕೂಡ ಓಡಿತ್ತು. ಸಿಮ್ ಮಾತ್ರ ಹಾಕಿ ನೋಡಿರಲಿಲ್ಲ, ಬಿಲ್ಲೂ ಕೇಳಿರಲಿಲ್ಲ.

ಮನೆಗೆ ಬಂದು ಅವ್ವನ ಸಿಮ್ ಹಾಕಿದರೆ ನೆಟ್‌ವರ್ಕೇ ಇಲ್ಲ. ನನ್ನ ಸಿಮ್ಮಿಗೂ ಇಲ್ಲ. ಮಾರಿದವನ ನಂಬರ್ ಸ್ವಿಚ್ ಆಫ್. *#06# ಒತ್ತಿ 15 ಅಂಕಿಯ ಐಎಂಇಐ ತೆಗೆದು, 2023ರ ಮೇನಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಹಾಕಿದೆ. ‘ಬ್ಲ್ಯಾಕ್‌ಲಿಸ್ಟೆಡ್’ ಅಂತ ಬಂತು. ಯಾರೋ ಕಳಕೊಂಡವರು ದೂರು ಕೊಟ್ಟು ಬ್ಲಾಕ್ ಮಾಡಿಸಿದ್ದಾರೆ. ಅಂಥ ಫೋನಿನಲ್ಲಿ ದೇಶದ ಯಾವ ಕಂಪನಿಯ ಸಿಮ್ಮೂ ನಡೆಯಲ್ಲ, ವೈಫೈ ಮಾತ್ರ ನಡೀತದೆ.

ಗೆಳೆಯನೊಬ್ಬ, “ಲೇ, ಐದ್ನೂರ್ ಕೊಟ್ರ ಐಎಂಇಐನ ಬದಲ ಮಾಡಿ ಕೊಡ್ತಾರ” ಅಂದ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಜೈಲು ಇದೆ. ಆದರೂ, ಖರೇ ಹೇಳ್ತೀನಿ, ಒಂದು ರಾತ್ರಿ ಯೋಚನೆ ಮಾಡಿದೆ. ಮುಂಜಾನೆ ಅವ್ವ ಕೇಳಿದಳು: “ಕಳಕೊಂಡಾರೂ ನನ್ನಂಗ ರೊಕ್ಕ ಕೂಡಿಸೇ ತಗೊಂಡಿರ್ತಾರಲ್ಲೋ?”

ಅವತ್ತೇ ಠಾಣೆಗೆ ಹೋಗಿ ಫೋನನ್ನೂ ಮಾರಿದವನ ನಂಬರನ್ನೂ ಕೊಟ್ಟು ಬಂದೆ. ರೊಕ್ಕ ಇನ್ನೂ ಬಂದಿಲ್ಲ. ಅವ್ವ ಹಳೇ ಕೀಪ್ಯಾಡ್ ಫೋನಿನಲ್ಲೇ ಮಾತಾಡ್ತಾಳೆ.

ನಮ್ಮ ಹಾಸ್ಟೆಲ್‌ನಲ್ಲಿ ಹಳೇ ಫೋನ್ ತಗೊಳ್ಳೋರು ಬಹಳ ಮಂದಿ ಇದ್ದೀರಿ. ರೊಕ್ಕ ಕೊಡೋ ಮೊದಲು ಇಂಗ್ಲಿಷಿನಲ್ಲಿ ಕೆವೈಎಂ ಅಂತ ಬರೆದು, ಒಂದು ಸ್ಪೇಸ್ ಬಿಟ್ಟು ಐಎಂಇಐ ಹಾಕಿ, 14422ಕ್ಕೆ ಮೆಸೇಜ್ ಮಾಡಿ. ಆಮೇಲೆ ಅವನೆದುರಿಗೇ ನಿಮ್ಮ ಸಿಮ್ ಹಾಕಿ, ಅವ್ವಗ ಒಂದು ಕಾಲ್ ಮಾಡಿ.