ಸೊನ್ನೆ ಅಂದರೆ ಎಷ್ಟು?

ತುಪ್ಪದ ಪ್ಯಾಕೆಟ್ಟಿನ ಹಿಂದೆ ಪ್ರೋಟೀನ್ ಎದುರು '0' ಎಂದು ಬರೆದಿರುತ್ತದೆ. ಕಾಮರ್ಸ್ ಓದುವ ನನಗೆ ಸೊನ್ನೆ ಕಂಡರೆ ಅನುಮಾನ. ಲೆಕ್ಕವನ್ನು ರೂಪಾಯಿಗೆ ರೌಂಡ್ ಮಾಡಿದರೆ 40 ಪೈಸೆಯೂ ಸೊನ್ನೆಯೇ. ಆದರೆ ಆ 40 ಪೈಸೆ ಎಲ್ಲೂ ಹೋಗಿರುವುದಿಲ್ಲ.

ನಮ್ಮ ಮನೆಗೆ ಇದು ಬರೀ ಲೆಕ್ಕದ ಮಾತಲ್ಲ. ಆಪಾಳ ಮೂರು ವರ್ಷದ ಮಗನಿಗೆ ಹಾಲಿನ ಅಲರ್ಜಿ. ಸ್ವಲ್ಪ ಹಾಲು ತಾಗಿದರೂ ಮೈಯೆಲ್ಲ ದದ್ದು, ತುಟಿ ಊದಿಕೊಳ್ಳುತ್ತದೆ. "ತುಪ್ಪದಲ್ಲಿ ಹಾಲೆಲ್ಲಿರುತ್ತೆ?" ಅಂತ ಅಮ್ಮಿ ಕೇಳುತ್ತಾರೆ. ಬೆಣ್ಣೆ ಕಾಯಿಸುವಾಗ ತಳದಲ್ಲಿ ಕಂದು ಗಸಿ ನಿಲ್ಲುತ್ತದಲ್ಲ, ಪ್ರೋಟೀನ್ ಹೆಚ್ಚಾಗಿ ಅದರಲ್ಲೇ ಇರುತ್ತದೆ. ಸೋಸಿದ ಮೇಲೂ ಚೂರು ಉಳಿಯಬಹುದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್‌ಎಒ ಸೇರಿಸಿದ ತಜ್ಞರು ಅಲರ್ಜಿಯ ಎಚ್ಚರಿಕೆಗೆಂದು ಹಾಲಿನ ಪ್ರೋಟೀನಿಗೆ ಸೂಚಿಸಿದ ಅಳತೆ 2 ಮಿಲಿಗ್ರಾಂ. 10 ಗ್ರಾಂ ತುಪ್ಪದಲ್ಲಿ ಅಷ್ಟಿದ್ದರೆ 100 ಗ್ರಾಂಗೆ 0.02 ಗ್ರಾಂ. ಪ್ಯಾಕೆಟ್ಟಿನಲ್ಲಿ ಅದು ಸೊನ್ನೆ!

ಹಾಗಾದರೆ ಅಳೆಯುವುದು ಹೇಗೆ? ಸೈನ್ಸ್ ವಿಭಾಗದ ಗೆಳೆಯನೊಬ್ಬ ಬಿಡಿಸಿ ಹೇಳಿದ. 1976ರಲ್ಲಿ ಬ್ರಾಡ್‌ಫರ್ಡ್ ಎಂಬುವರು ಪ್ರಕಟಿಸಿದ ವಿಧಾನದಲ್ಲಿ ಒಂದು ಬಣ್ಣ ಪ್ರೋಟೀನಿಗೆ ಅಂಟಿ ನೀಲಿಯಾಗುತ್ತದೆ. ನೀಲಿ ಎಷ್ಟು ಗಾಢವೆಂದು ಯಂತ್ರ ಬೆಳಕು ಹಾಯಿಸಿ ನೋಡುತ್ತದೆ. ಆದರೆ ಕೊಬ್ಬು ಇದ್ದರೆ ದ್ರಾವಣ ಮಬ್ಬಾಗುತ್ತದೆ, ಯಂತ್ರ ಆ ಮಬ್ಬನ್ನೂ ಬಣ್ಣವೆಂದು ಲೆಕ್ಕ ಹಿಡಿಯುತ್ತದೆ. ಅದಕ್ಕೆ ಮೊದಲು ಹೆಕ್ಸೇನಿನಂಥ ದ್ರವದಲ್ಲಿ ಕೊಬ್ಬನ್ನು ಕರಗಿಸಿ, ವೇಗವಾಗಿ ತಿರುಗಿಸಿ, ತಳಕ್ಕಿಳಿದ ಪ್ರೋಟೀನನ್ನು ಮಾತ್ರ ಉಳಿಸಿಕೊಳ್ಳಬೇಕು. ತೊಳೆಯುವಾಗ ಅದೂ ಸ್ವಲ್ಪ ಹೋಗಿಬಿಡುತ್ತದೆ. ಎಷ್ಟು ಹೋಯಿತೆಂದು ತಿಳಿಯಲು ಇನ್ನೊಂದು ಪಾಲು ತುಪ್ಪಕ್ಕೆ ಗೊತ್ತಿರುವಷ್ಟು ಪ್ರೋಟೀನ್ ತಾವೇ ಸೇರಿಸಿ, ಕೊನೆಯಲ್ಲಿ ಅದರಲ್ಲಿ ಎಷ್ಟು ವಾಪಸ್ ಬಂತೆಂದು ನೋಡುತ್ತಾರೆ. ನನಗೆ ತುಂಬ ಹಿಡಿಸಿದ್ದು ಇದೇ. ನಮ್ಮ ಆಡಿಟಿಂಗಿಗಿಂತ ಇವರದೇ ಕಟ್ಟುನಿಟ್ಟು! ಅದು ಹಾಲಿನ ಪ್ರೋಟೀನೇ ಹೌದಾ ಎಂದು ತಿಳಿಯಬೇಕಾದರೆ ಎಲೈಸಾ ಎಂಬ ಬೇರೆ ಪರೀಕ್ಷೆ ಬೇಕು.

ನಮ್ಮ ಸಿದ್ದಾಪುರದಿಂದ ಆಡುಗೋಡಿ ಎಷ್ಟು ದೂರ? ಅಲ್ಲಿ 1923ರಲ್ಲೇ ಹೈನುಗಾರಿಕೆಯ ಸಂಸ್ಥೆ ಶುರುವಾಯಿತು, 1927ರಲ್ಲಿ ಗಾಂಧೀಜಿಯೂ ಬಂದು ಹಸು ಸಾಕಣೆ ಕಲಿತರು. ಈಗದು ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ. ಅದರ ಮುಂದೆ ಬಸ್ಸಲ್ಲಿ ಹೋಗುವಾಗ ಈಗ ಗೇಟಿನ ಕಡೆ ನೋಡುತ್ತೇನೆ.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡದೆ ತುಪ್ಪ ಕೊಡಬೇಡಿ ಎಂದಿದ್ದಾರೆ ಡಾಕ್ಟರ್. ಈದಿನ ದಿನ ಅಮ್ಮಿ ಮೊದಲು ಎಣ್ಣೆಯಲ್ಲಿ ಅವನ ಪಾಲಿನ ಅನ್ನ ಮಾಡಿ ಮುಚ್ಚಿಟ್ಟು, ಆಮೇಲೆ ತುಪ್ಪದ ಡಬ್ಬಿ ತೆರೆದರು. ಸೌಟೂ ಬೇರೆ.